ನಾಟಕ, ನೃತ್ಯ, ಸಂಗೀತದ ಟಿಕೆಟ್‌ಗೆ ಮಾರಾಟ ತೆರಿಗೆಯಿಂದ ಪೂರ್ತಿ ವಿನಾಯಿತಿ ಕೊಡಬೇಕೇ?

ತೆರಿಗೆ ಇಳಿಸಲೇಬೇಕು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ನೀವು ಕೇಳಿರುವ ಪೂರ್ತಿ ವಿನಾಯಿತಿಯಿಂದ ತಂಡಗಳಿಗೆ ಅಂದುಕೊಂಡಷ್ಟು ಲಾಭ ಆಗುವುದಿಲ್ಲ. ಒಂದು ನಾಟಕ ತಂಡದ ಲೆಕ್ಕಪತ್ರ ನೋಡಿಕೊಳ್ಳುವವನು ನಾನು. ಹಾಗಾಗಿ ಲೆಕ್ಕದಲ್ಲೇ ಹೇಳುತ್ತೇನೆ.

ಟಿಕೆಟ್ ತೆರಿಗೆ ಸೇರಿ 100 ರೂಪಾಯಿ ಅಂತಿಟ್ಟುಕೊಳ್ಳಿ. ಜನ ಅದಕ್ಕಿಂತ ಜಾಸ್ತಿ ಕೊಡಲ್ಲ. ಹಾಲ್ ಬಾಡಿಗೆ, ಲೈಟಿಂಗ್, ಸೌಂಡ್, ಪ್ರಚಾರಕ್ಕೆ ತಗಲುವುದು 60, ಅದರ ಮೇಲೆ ಶೇ. 20 ತೆರಿಗೆ 12. ಟಿಕೆಟ್‌ಗೂ ಶೇ. 20 ಇದ್ದರೆ, ಖರ್ಚಿನಲ್ಲಿ ಕಟ್ಟಿದ 12ನ್ನು ಮುರಿದುಕೊಂಡ ಮೇಲೆ ತಂಡದ ಕೈಯಲ್ಲಿ ಉಳಿಯುವುದು ಸುಮಾರು 23. ಕಲಾವಿದರ ಸಂಭಾವನೆ ಇದರೊಳಗೇ ಬರಬೇಕು. ಪೂರ್ತಿ ವಿನಾಯಿತಿ ಕೊಟ್ಟರೆ 28. ಏಕೆಂದರೆ ವ್ಯಾಟ್ ಮಾದರಿಯ ತೆರಿಗೆಯಲ್ಲಿ, ಅಂದರೆ ಖರ್ಚಿನ ಮೇಲೆ ಕಟ್ಟಿದ್ದನ್ನು ಮಾರಾಟದ ತೆರಿಗೆಯಲ್ಲಿ ಮುರಿದುಕೊಳ್ಳುವ ಪದ್ಧತಿಯಲ್ಲಿ, ವಿನಾಯಿತಿ ಪಡೆದವರು ಖರ್ಚಿನ ಮೇಲೆ ಕಟ್ಟಿದ ತೆರಿಗೆಯನ್ನು ವಾಪಸ್ ಕೇಳುವಂತಿಲ್ಲ. ಆ 12 ಹೋದ ಹಾಗೇ. ಟಿಕೆಟ್‌ಗೆ ಬರೀ ಶೇ. 5 ಹಾಕಿ, ಖರ್ಚಿನ ತೆರಿಗೆ ಮರಳಿಸಿದರೆ? ಸುಮಾರು 35 ಉಳಿಯುತ್ತದೆ. ಇಲ್ಲಿ ಸರ್ಕಾರವೇ ಸ್ವಲ್ಪ ಹಣ ವಾಪಸ್ ಕೊಡಬೇಕಾಗುತ್ತದೆ, ಕೊಡಲಿ.

ದರ ಏರಿಸಿದಾಗ ಏನಾಗುತ್ತದೆ ಎಂಬುದಕ್ಕೆ ಸ್ಪೇನ್ ಸಾಕ್ಷಿ. ಅಲ್ಲಿ 2012ರಲ್ಲಿ ನಾಟಕದ ಟಿಕೆಟ್ ಮೇಲಿನ ತೆರಿಗೆ ಶೇ. 8ರಿಂದ ಒಂದೇ ಸಲ 21ಕ್ಕೆ ಹೋಯಿತು. ಬೆಸ್ಕಾನೋ ಎಂಬ ಸಣ್ಣ ಊರಿನ ರಂಗಮಂದಿರದವರು ಆಗ ಟಿಕೆಟ್ ಬಿಟ್ಟು ಕ್ಯಾರೆಟ್ ಮಾರಿದರು. ಕ್ಯಾರೆಟ್‌ಗೆ ತೆರಿಗೆ ಶೇ. 4 ಮಾತ್ರ. ಕ್ಯಾರೆಟ್ ಕೊಂಡವರಿಗೆ ನಾಟಕ ಉಚಿತ. ಒಂದು ರಂಗಮಂದಿರವನ್ನು ಅಲ್ಲಿವರೆಗೆ ತಳ್ಳಬಾರದಿತ್ತು. 2017ರಲ್ಲಿ ದರ ಶೇ. 10ಕ್ಕೆ ಇಳಿಯಿತು, ಅಷ್ಟರಲ್ಲಿ ಐದು ವರ್ಷ ಕಳೆದಿತ್ತು.

ನಾಟಕಕ್ಕೇ ಯಾಕೆ ಈ ರಿಯಾಯಿತಿ ಅಂತ ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಟಿಕೆಟ್ ಕೊಳ್ಳುವವರಲ್ಲಿ ಅನುಕೂಲಸ್ಥರೂ ಇರುತ್ತಾರೆ, ಅವರ ಬಿಡುವಿನ ಖುಷಿಗೆ ಎಲ್ಲರ ತೆರಿಗೆ ಹಣ ಯಾಕೆ ಅಂತ. ಇದಕ್ಕೆ ನನಗೆ ಸರಿ ಕಾಣುವ ಉತ್ತರವನ್ನು ಅರ್ಥಶಾಸ್ತ್ರಜ್ಞರಾದ ಬೌಮಾಲ್ ಮತ್ತು ಬೋವೆನ್ 1966ರಲ್ಲೇ ಕೊಟ್ಟಿದ್ದಾರೆ. ಕಾರ್ಖಾನೆಯಲ್ಲಿ ಯಂತ್ರ ಬಂದು ಅದೇ ಜನ ಹೆಚ್ಚು ಮಾಲು ತಯಾರಿಸುತ್ತಾರೆ, ಕೂಲಿಯೂ ಏರುತ್ತದೆ. ನಾಲ್ವರು ನುಡಿಸುವ ಸಂಗೀತಕ್ಕೆ ಇವತ್ತೂ ನಾಲ್ವರೇ ಬೇಕು, ಅಷ್ಟೇ ಹೊತ್ತು ಬೇಕು. ಅವರ ಸಂಬಳ ಮಾತ್ರ ಬೇರೆಯವರ ಜೊತೆ ಏರಲೇಬೇಕು. ಸಿನಿಮಾ ಒಮ್ಮೆ ತೆಗೆದರೆ ಸಾವಿರ ಕಡೆ ಓಡುತ್ತದೆ. ನಾಟಕಕ್ಕೆ ಪ್ರತಿ ರಾತ್ರಿ ಎಲ್ಲರೂ ಮತ್ತೆ ಬಣ್ಣ ಹಚ್ಚಬೇಕು. ಖರ್ಚು ಏರುತ್ತಲೇ ಹೋಗುವ ಇಂಥ ಕೆಲಸಕ್ಕೆ ಮಾಮೂಲಿ ದರದ ತೆರಿಗೆ ಹಾಕುವುದು ತಪ್ಪು.

ಫ್ರಾನ್ಸ್‌ನ ಪದ್ಧತಿ ನನಗೆ ತುಂಬ ಇಷ್ಟ. ನಾಟಕಕ್ಕೆ ಶೇ. 5.5, ಹೊಸ ನಾಟಕವಾದರೆ ಮೊದಲ 140 ಪ್ರದರ್ಶನಗಳಿಗೆ ಬರೀ 2.1. ಹೊಸದನ್ನು ಕಟ್ಟುವವರಿಗೇ ನಷ್ಟದ ಭಯ ಜಾಸ್ತಿ, ಅಲ್ವಾ?

ಎರಡು ಕಡೆ ಮಾತ್ರ ಪೂರ್ತಿ ವಿನಾಯಿತಿಯೇ ಸರಿ. ಒಂದು, ಖರ್ಚಿನ ತೆರಿಗೆ ಮರಳಿಸುವ ಪದ್ಧತಿಯೇ ಇಲ್ಲದ ಕಡೆ. ಅಮೆರಿಕದ ರಾಜ್ಯಗಳ ಮಾರಾಟ ತೆರಿಗೆ ಹೀಗೇ ಇದೆ. ಇನ್ನೊಂದು, ತೀರಾ ಸಣ್ಣ ತಂಡಗಳು. ಅವರ ಖರ್ಚೂ ಕಡಿಮೆ, ಮರಳಿ ಬರುವ ತೆರಿಗೆಯೂ ಅಲ್ಪ. ಅದಕ್ಕಾಗಿ ತಿಂಗಳು ತಿಂಗಳು ರಿಟರ್ನ್ಸ್ ತುಂಬಿ ಅಂದರೆ ತಾಲೀಮಿಗೆ ಸಮಯವೇ ಸಿಗಲ್ಲ.