ಸ್ಪಾ ಮೇಲೆ ರೇಡ್ ಆಯ್ತು, ಸಂಬಳದ ಲೆಕ್ಕ ಯಾರು ಕೇಳಿದ್ರು?

ಪ್ರಶ್ನೆ: ಮೇಡಂ ನಮಸ್ಕಾರ, ನಾನು ಒಂದು ಕಾಂಪ್ಲೆಕ್ಸ್‌ನಲ್ಲಿ ಟೈಲರಿಂಗ್ ಅಂಗಡಿ ಇಟ್ಕೊಂಡಿದೀನಿ. ಮೇಲಿನ ಫ್ಲೋರ್‌ನಲ್ಲಿದ್ದ ಸ್ಪಾ ಮೇಲೆ ಹೋದ ತಿಂಗಳು ಪೊಲೀಸ್ನೋರು ರೇಡ್ ಮಾಡಿದ್ರು, ಐದಾರು ಹುಡುಗೀರು ದುಪಟ್ಟಾದಲ್ಲಿ ಮುಖ ಮುಚ್ಕೊಂಡು ಮೆಟ್ಟಿಲು ಇಳಿದು ಬಂದ್ರು, ಕೆಳಗೆ ಜನ ಮೊಬೈಲ್ ಎತ್ತಿ ಹಿಡ್ದು ವಿಡಿಯೋ ಮಾಡ್ತಾ ನಿಂತಿದ್ರು. ಅದೇ ಬಿಲ್ಡಿಂಗ್ ಹಿಂದೆ ಬ್ಯಾಗ್ ಹೊಲಿಯೋ ಶೆಡ್ ಇದೆ, ಬೇರೆ ರಾಜ್ಯದ ಹುಡುಗ್ರು ರಾತ್ರಿ ಹನ್ನೊಂದರ ತನಕ ಮಿಷನ್ ತುಳೀತಾರೆ, ಅಲ್ಲೇ ಮಲಗ್ತಾರೆ. ಒಬ್ಬ ದಾರ ತಗೊಳೋಕೆ ಬಂದಾಗ 'ಆಧಾರ್ ಓನರ್ ಹತ್ರ ಇದೆ, ಸಾಲ ತೀರೋ ತನಕ ಊರಿಗೆ ಬಿಡಲ್ವಂತೆ' ಅಂದ. ಅಲ್ಲಿಗೆ ಯಾರೂ ಬಂದೇ ಇಲ್ಲ. ಮಾನವ ಕಳ್ಳಸಾಗಣೆ ಅಂದ್ರೆ ಬರೀ ಮಸಾಜ್ ಪಾರ್ಲರ್ ಅಷ್ಟೇನಾ?
(ಓದುಗರು, ಬೆಂಗಳೂರು)

ಉತ್ತರ: ಅಲ್ಲ ಅಕ್ಕ, ಖಂಡಿತ ಅಲ್ಲ. ಹಳೇ ಐಪಿಸಿ ಜಾಗಕ್ಕೆ ಬಂದಿರೋ ಭಾರತೀಯ ನ್ಯಾಯ ಸಂಹಿತೆಯ 143ನೇ ಸೆಕ್ಷನ್ ಓದಿ ನೋಡಿ, ಬೆದರಿಸಿ, ಮೋಸ ಮಾಡಿ, ಆಮಿಷ ತೋರ್ಸಿ ಜನರನ್ನ ಕರ್ಕೊಂಡು ಬಂದು ಶೋಷಣೆಗೆ ಹಚ್ಚೋದೇ ಕಳ್ಳಸಾಗಣೆ, ಶೋಷಣೆ ಅನ್ನೋದ್ರಲ್ಲಿ ಲೈಂಗಿಕ ಶೋಷಣೆ ಜೊತೆಗೇ ಗುಲಾಮಗಿರಿ, ಗುಲಾಮಗಿರಿಯಂಥ ಪದ್ಧತಿ ಎಲ್ಲಾ ಸೇರಿದೆ, ಕಮ್ಮಿ ಅಂದ್ರೂ 7 ವರ್ಷ ಜೈಲು. ಆ ಹುಡುಗ ಹೇಳಿದ ಒಂದೇ ಮಾತು, 'ಸಾಲ ತೀರೋ ತನಕ ಬಿಡಲ್ಲ' ಅಂತ, ಅದನ್ನೇ ನಮ್ಮ ಅಜ್ಜಂದಿರು ಜೀತ ಅಂತಿದ್ರು. 1976ರ ಜೀತ ರದ್ಧತಿ ಕಾಯ್ದೆ ಇರೋದೇ ಅದಕ್ಕೆ. ಕನಿಷ್ಠ ವೇತನಕ್ಕಿಂತ ಕಮ್ಮಿ ಕೊಟ್ಟು ದುಡಿಸ್ಕೊಂಡ್ರೆ ಅದೂ ಬಲವಂತದ ದುಡಿಮೆನೇ ಅಂತ ಸುಪ್ರೀಂ ಕೋರ್ಟ್ 1982ರಲ್ಲೇ ಹೇಳಿದೆ, ದೆಹಲಿ ಏಷ್ಯನ್ ಗೇಮ್ಸ್ ಕಟ್ಟಡದ ಕೂಲಿಗಳ ಕೇಸ್‌ನಲ್ಲಿ.

ಲೆಕ್ಕನೂ ಹಂಗೇ ಇದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಅಂದಾಜು ಪ್ರಕಾರ 2021ರಲ್ಲಿ ಜಗತ್ತಲ್ಲಿ 2 ಕೋಟಿ 76 ಲಕ್ಷ ಜನ ಬಲವಂತದ ದುಡಿಮೇಲಿದ್ರು, ಅದರಲ್ಲಿ ಲೈಂಗಿಕ ಶೋಷಣೆಗೆ ಸಿಕ್ಕಿದೋರು 63 ಲಕ್ಷ, ಹೊಲ, ಮನೆಕೆಲಸ, ಕಟ್ಟಡ, ಫ್ಯಾಕ್ಟರಿ ಅಂತ ಖಾಸಗಿಯೋರ ಬೇರೆ ಕೆಲಸಗಳಲ್ಲಿ ಸಿಕ್ಕಿಹಾಕ್ಕೊಂಡೋರು 1 ಕೋಟಿ 73 ಲಕ್ಷ.

ಹಂಗಾದ್ರೆ ಪೊಲೀಸ್ನೋರು ಯಾಕೆ ಮೆಟ್ಟಿಲು ಹತ್ತಿ ಸ್ಪಾಗೇ ಹೋಗ್ತಾರೆ, ಹಿಂದಿನ ಶೆಡ್‌ಗೆ ಹೋಗಲ್ಲ? ನನಗನ್ಸೋದು, ಸ್ಪಾ ರೇಡ್ ಒಂದು ಸಂಜೆಯ ಕೆಲಸ. ಗಿರಾಕಿ ವೇಷದಲ್ಲಿ ಒಬ್ಬನ್ನ ಕಳ್ಸು, ನೋಟಿನ ನಂಬರ್ ಬರ್ಕೋ, ಬಾಗಿಲು ತಟ್ಟು, ರಾತ್ರಿಗೆ ಪ್ರೆಸ್ ನೋಟ್ ರೆಡಿ. ಶೆಡ್ಡಿನ ಕೇಸ್‌ಗೆ ಹಾಜರಿ ಪುಸ್ತಕ ನೋಡ್ಬೇಕು, ಅವರ ಭಾಷೆ ಬರೋರನ್ನ ಹುಡುಕ್ಬೇಕು, ಎಸಿ, ಅಂದ್ರೆ ಕಂದಾಯ ಇಲಾಖೆ ಅಸಿಸ್ಟೆಂಟ್ ಕಮಿಷನರ್ ಆಫೀಸಿಂದ ವಿಚಾರಣೆ ಆಗ್ಬೇಕು, ಓನರ್ ಹೆದರಿಸಿದಾಗ ಹುಡುಗ್ರು ಹೇಳಿಕೆ ಬದಲಾಯಿಸದ ಹಂಗೆ ನೋಡ್ಕೋಬೇಕು. ಕಷ್ಟ ಇದೆ ಅಂತ ಬಿಟ್ಬಿಡೋದು ನ್ಯಾಯ ಅಲ್ಲ, ಹದಿನಾರು ಹದಿನೇಳು ವರ್ಷದ ಮಕ್ಕಳು ಅಲ್ಲಿ ಬೆನ್ನು ಮುರ್ಕೊಂಡು ಕೂತಿರ್ಬಹುದು.

ಪ್ರಶ್ನೆ: ನೀವು ಲಾಯರ್‌ಗಳು ಸ್ಪಾ ರೇಡ್ ಅಂದ ತಕ್ಷಣ ಪೊಲೀಸರನ್ನೇ ಬೈತೀರಿ. ನಮ್ಮೂರ ಹುಡುಗಿ ಒಬ್ಬಳನ್ನ ಬ್ಯೂಟಿಷಿಯನ್ ಕೆಲಸ ಅಂತ ಕರ್ಕೊಂಡು ಹೋಗಿ ಅಂಥ ಜಾಗಕ್ಕೇ ತಳ್ಳಿದ್ರು, ರೇಡ್ ಆಗದಿದ್ರೆ ಅವಳು ವಾಪಸ್ ಬರ್ತಾನೇ ಇರ್ಲಿಲ್ಲ. ಇದಕ್ಕೇನಂತೀರಿ?
(ಓದುಗರು, ಹುಬ್ಬಳ್ಳಿ)

ಉತ್ತರ: ಆ ಹುಡುಗಿ ವಾಪಸ್ ಬಂದಳು ಅನ್ನೋದು ಓದಿ ಮನಸ್ಸಿಗೆ ಸಮಾಧಾನ ಆಯ್ತು ಸರ್. ಅಂಥ ಜಾಗಕ್ಕೆ ಪೊಲೀಸರು ಹೋಗ್ಲೇಬೇಕು, ಅದ್ರಲ್ಲಿ ನಂದು ಎರಡು ಮಾತಿಲ್ಲ. ಒಳಗೆ ಹೋದ್ಮೇಲೆ ಯಾರನ್ನ ಹಿಡೀತಾರೆ, ಏನು ಕೇಳ್ತಾರೆ ಅನ್ನೋದ್ರ ಬಗ್ಗೆನೇ ನನ್ನ ತಕರಾರು.

ಒಂದ್ಸಲ ಇಂಥದ್ದೇ ರೇಡ್‌ನಲ್ಲಿ ಸಿಕ್ಕ ಒಬ್ಬ ಹೆಣ್ಮಗಳು ನನ್ನ ಹತ್ರ ಬಂದಿದ್ಲು, ಬ್ಯಾಗಿಂದ ಒಂದು ಸಣ್ಣ ನೋಟ್‌ಬುಕ್ ತೆಗೆದ್ಲು, ನೀಲಿ ಪೆನ್ನಲ್ಲಿ ತಾನೇ ಬರ್ದಿಟ್ಕೊಂಡಿದ್ದು. ಸಂಬಳ 15,000. ಅದರಲ್ಲಿ ರೂಮಿಗೆ 4,000 ಕಟ್, ಊಟಕ್ಕೆ 3,000, ಯೂನಿಫಾರ್ಮ್ 500, ಲೇಟ್ ಬಂದಿದ್ದಕ್ಕೆ ಫೈನ್, ಫೋನ್ ನೋಡಿದ್ದಕ್ಕೆ ಫೈನ್, ಮೇಲೆ ಕರ್ಕೊಂಡ್ ಬಂದ ಏಜೆಂಟ್‌ದು ಅಂತ ತಿಂಗಳು ತಿಂಗಳು 5,000. ಕೆಲವು ತಿಂಗಳು ಕೈಗೆ ಸಾವಿರನೂ ಉಳಿದಿರ್ಲಿಲ್ಲ. ಠಾಣೇಲಿ ಎರಡು ದಿನ ಅವಳನ್ನ ಏನೇನೋ ಕೇಳಿದಾರೆ, ಈ ನೋಟ್‌ಬುಕ್ ಒಬ್ರೂ ಕೇಳಿಲ್ಲ. ಅದನ್ನ ತಿರುವಿ ಹಾಕ್ತಾ ನನ್ನ ಕೈ ನಡುಗ್ತಿತ್ತು, ಯಾಕಂದ್ರೆ ಏಜೆಂಟ್‌ನ ಮೇಲೆ, ಮಾಲೀಕನ ಮೇಲೆ ಕೇಸ್ ನಿಲ್ಲೋಕೆ ಅದಕ್ಕಿಂತ ಸಾಕ್ಷಿ ಬೇಕಿತ್ತಾ?

2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ, ರೇಡ್ ಆದಾಗ ಲೈಂಗಿಕ ಕಾರ್ಯಕರ್ತೆಯರನ್ನ ಅರೆಸ್ಟ್ ಮಾಡಂಗಿಲ್ಲ, ದಂಡ ಹಾಕಂಗಿಲ್ಲ, ಕಿರುಕುಳ ಕೊಡಂಗಿಲ್ಲ, ಅವರ ಹೆಸರು ಫೋಟೋ ಹೊರಗೆ ಬರಂಗಿಲ್ಲ ಅಂತ. ತಪಾಸಣೆಗೆ ಹೋಗುವಾಗ ಇಬ್ಬರು ಮಹಿಳಾ ಪೊಲೀಸ್ ಜೊತೇಲಿರ್ಬೇಕು ಅಂತ ಅನೈತಿಕ ಸಾಗಾಣಿಕೆ ತಡೆ ಕಾಯ್ದೇಲೇ ಇದೆ. ಆದ್ರೆ ಮೆಟ್ಟಿಲ ಕೆಳಗೆ ನಿಂತಿದ್ದ ಮೊಬೈಲ್‌ಗಳನ್ನ ಯಾರು ತಡೆದ್ರು ಹೇಳಿ.

ಅಮೆರಿಕದಲ್ಲೂ ಇದೇ ಕಥೆ ನಡೀತು. 2019ರಲ್ಲಿ ಫ್ಲೋರಿಡಾದ ಜುಪಿಟರ್ ಅನ್ನೋ ಊರಲ್ಲಿ ಒಂದು ಸ್ಪಾ ಒಳಗೆ ಪೊಲೀಸರು ಗುಪ್ತ ಕ್ಯಾಮೆರಾ ಇಟ್ರು, ಫುಟ್‌ಬಾಲ್ ಟೀಂ ಒಂದರ ಮಾಲೀಕ ರಾಬರ್ಟ್ ಕ್ರಾಫ್ಟ್ ಸಿಕ್ಕಿಬಿದ್ದ, ಕಳ್ಳಸಾಗಣೆ ಜಾಲ ಅಂತ ಊರೆಲ್ಲಾ ಸುದ್ದಿ. ಕೊನೆಗೆ ಸರ್ಕಾರಿ ವಕೀಲರೇ ಕೋರ್ಟಲ್ಲಿ ಇಲ್ಲಿ ಕಳ್ಳಸಾಗಣೆ ಕಂಡುಬಂದಿಲ್ಲ ಅಂದ್ರು, ವಿಡಿಯೋ ಸಾಕ್ಷಿ ಬಿದ್ದೋಯ್ತು, 2020ರಲ್ಲಿ ಕ್ರಾಫ್ಟ್ ಮೇಲಿನ ಕೇಸೂ ಬಿಟ್ರು. ಆದ್ರೆ ಸ್ಪಾದ ಹೆಂಗಸ್ರನ್ನ ಮಾತ್ರ ಅಷ್ಟು ಸುಲಭವಾಗಿ ಬಿಡ್ಲಿಲ್ಲ. ಯಾರನ್ನ ಕಾಪಾಡ್ತೀವಿ ಅಂತ ಹೊರಟಿದ್ರೋ ಅವರ ಮೇಲೇ ಕೇಸು, ಇದು ನನಗೆ ಇವತ್ತಿಗೂ ಸಂಕಟ ಕೊಡುತ್ತೆ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಜೀತ ವಿಮುಕ್ತರಿಗೆ ಕೇಂದ್ರ ಸರ್ಕಾರದ ಪುನರ್ವಸತಿ ಯೋಜನೆ ಇದೆ, 2016ರದ್ದು, ಅದರಲ್ಲಿ ಮಸಾಜ್ ಪಾರ್ಲರ್ ಅನ್ನೋ ಪದನೇ ಇದೆ! ಅಂಥ ಜಾಗದಿಂದ ಬಿಡಿಸಿದ ಹೆಣ್ಮಕ್ಕಳಿಗೆ 3 ಲಕ್ಷದವರೆಗೆ ಪರಿಹಾರ ಅಂತ ಬರ್ದಿದಾರೆ. ಅಂದ್ರೆ ಮೇಲಿನ ಸ್ಪಾ, ಹಿಂದಿನ ಶೆಡ್ ಎರಡಕ್ಕೂ ಒಂದೇ ಕಾನೂನು ಹಚ್ಚಬಹುದು, ಸಾಲ ಎಷ್ಟು, ಆಧಾರ್ ಯಾರ ಹತ್ರ ಇದೆ, ಬಿಟ್ಟು ಹೋಗ್ತೀನಿ ಅಂದ್ರೆ ಬಿಡ್ತಾರಾ ಅಂತ ಕೇಳಿದ್ರೆ ಸಾಕು. ರೇಡ್‌ಗೆ ಹೋಗುವಾಗ ಎಸಿನ ಅಥವಾ ತಹಶೀಲ್ದಾರ್‌ನ ಒಂದ್ಸಲ ಕರೀರಿ ಅಂತ ನಾನು ಬಡ್ಕೊಳೋದು ಇದಕ್ಕೇ.

ಪ್ರಶ್ನೆ: ಇಂಥದ್ದು ಕಂಡ್ರೆ ನಮ್ಮಂಥೋರು ಎಲ್ಲಿಗೆ ಹೇಳ್ಬೇಕು?
(ಓದುಗರು, ತುಮಕೂರು)

ಉತ್ತರ: ತಕ್ಷಣದ ಅಪಾಯ ಅನ್ಸಿದ್ರೆ 112. ಮಕ್ಕಳಿದ್ರೆ 1098, ಹೆಣ್ಮಕ್ಕಳಿಗೆ 181, ಉಚಿತ ಕಾನೂನು ನೆರವಿಗೆ 15100. ಜೀತದ ಅನುಮಾನ ಇದ್ರೆ ಡಿಸಿ ಅಥವಾ ಎಸಿ ಆಫೀಸಿಗೆ ಅರ್ಜಿ ಕೊಟ್ಟು ಸೀಲ್ ಹಾಕಿದ ಕಾಪಿ ಇಸ್ಕೊಳಿ, ಜೀತ ಪತ್ತೆ ಮಾಡಿ ಬಿಡಿಸೋದು ಅವರ ಕರ್ತವ್ಯ, ಬಿಡಿಸಿದ ಮೇಲೆ ಬಿಡುಗಡೆ ಪತ್ರ ಕೊಡ್ಲೇಬೇಕು. ತುರ್ತು ನೆರವಿನ 30,000 ರೂಪಾಯಿವರೆಗಿನ ದುಡ್ಡು ಸಿಗೋದೂ ಆಮೇಲೇನೇ. ಅರ್ಜೀಲಿ ಬಿಲ್ಡಿಂಗ್ ವಿಳಾಸ, ಎಷ್ಟು ಜನ ಇದಾರೆ, ಯಾವ ಭಾಷೆ ಮಾತಾಡ್ತಾರೆ, ಓನರ್ ಯಾವ ಹೊತ್ತಲ್ಲಿ ಇರಲ್ಲ ಅನ್ನೋದೆಲ್ಲಾ ಬರೀರಿ.

ಬೆಂಗಳೂರಿನ ಟೈಲರ್ ಅಕ್ಕನಿಗೂ ಇದೇ ಉತ್ತರ. ಆದ್ರೆ ದಯವಿಟ್ಟು ನೀವಾಗೇ ಹೋಗಿ ಓನರ್‌ನ ಕೇಳ್ಬೇಡಿ ಅಕ್ಕ, ರಾತ್ರೋರಾತ್ರಿ ಹುಡುಗ್ರನ್ನ ಬೇರೆ ಕಡೆ ಸಾಗಿಸ್ಬಿಡ್ತಾರೆ. ಆ ಹುಡುಗ ಇನ್ನೊಂದ್ಸಲ ದಾರಕ್ಕೆ ಬಂದ್ರೆ ಅವನ ಊರು ಯಾವ್ದು, ಮನೇಲಿ ಯಾರ ಫೋನ್ ನಂಬರ್ ನೆನಪಿದೆ ಅಂತ ಮೆಲ್ಲಗೆ ಕೇಳಿ ಬರ್ದಿಟ್ಕೊಳಿ.