ನಾನು ಸೈನ್ ಹಾಕದೆ ಸಂಬಳದಿಂದ ಯೂನಿಯನ್ ಚಂದಾ ಕಟ್ ಮಾಡ್ತಿದ್ದಾರೆ, ಕೊಡ್ಲೇಬೇಕಾ?

ನೀವು ಕೇಳಿದ್ದು ಇಷ್ಟು, ಮಂಗಳೂರಿನ ಬೈಕಂಪಾಡಿಯಲ್ಲಿ ಕೆಲಸ ಪರ್ಮನೆಂಟ್ ಆದ ತಿಂಗಳಿಂದ ಪೇಸ್ಲಿಪ್‌ನಲ್ಲಿ ಯೂನಿಯನ್ ಅಂತ ನೂರು ರೂಪಾಯಿ ಹೋಗ್ತಾ ಉಂಟು, ನೀವು ಎಲ್ಲೂ ಸೈನ್ ಹಾಕ್ಲಿಲ್ಲ, ಕೇಳಿದ್ರೆ ಆಫೀಸಿನವ್ರು "ಎಲ್ರೂ ಕೊಡ್ತಾರೆ ಮಾರಾಯ, ನಿಂಗೆಂತ" ಅಂದ್ರು, ಅದ್ರ ಮೇಲೆ ಅಮೆರಿಕದಲ್ಲಿರುವ ನಿಮ್ಮ ಭಾವ ಬೇರೆ ಯೂನಿಯನ್ ದುಡ್ಡು ಅಂದ್ರೆ ಕಡ್ಡಾಯವೇ ಅಂತ ಹೇಳಿದ್ದಾರೆ.

ನಮ್ಮಲ್ಲಿ ಕಡ್ಡಾಯ ಅಲ್ಲ. ನಾನೊಂದು ಫ್ಯಾಕ್ಟರಿಯ ಅಕೌಂಟ್ಸ್ ಸೆಕ್ಷನ್‌ನಲ್ಲಿ ಸಂಬಳದ ಶೀಟ್ ಮಾಡೋನು, ಈ ಕಟಿಂಗ್ ಎಲ್ಲ ನನ್ನ ಟೇಬಲ್ ದಾಟಿಯೇ ಹೋಗೋದು. ಮೊದ್ಲು ಆ ಲೈನ್ ಒಮ್ಮೆ ಸರಿ ನೋಡಿ, ಅದು ಯೂನಿಯನ್ನದ್ದೇ ಹೌದಾ ಅಂತ. ಪಿಎಫ್, ಇಎಸ್‌ಐ, ಪ್ರೊಫೆಶನಲ್ ಟ್ಯಾಕ್ಸ್ ಇದೆಲ್ಲ ಕಾನೂನಿನದ್ದು, ನೀವು ಬೇಡ ಅಂದ್ರೂ ಹೋಗ್ತದೆ. ವರ್ಷಕ್ಕೊಮ್ಮೆ ಲೇಬರ್ ವೆಲ್ಫೇರ್ ಫಂಡ್ ಅಂತ ಸಣ್ಣ ಮೊತ್ತ ಕಟ್ ಆಗ್ತದಲ್ಲ, ಅದು ರಾಜ್ಯದ ಕಾರ್ಮಿಕ ಕಲ್ಯಾಣ ಮಂಡಳಿಗೆ, 1965ರ ಕಾಯ್ದೆಯದ್ದು. ಅದನ್ನೇ ಯೂನಿಯನ್ ಫಂಡ್ ಅಂತ ತಿಳ್ಕೊಂಡು ನನ್ನ ಹತ್ರ ಜಗಳಕ್ಕೆ ಬರುವವ್ರು ಪ್ರತಿ ವರ್ಷ ಇದ್ದಾರೆ.

ಯೂನಿಯನ್ ಚಂದಾ ಮಾತ್ರ ಬೇರೆ ಕಥೆ. ಸಂಬಳದಿಂದ ಅದನ್ನು ಹಿಡೀಬೇಕಾದ್ರೆ ಕೆಲಸಗಾರನ ಲಿಖಿತ ಒಪ್ಪಿಗೆ ಬೇಕು, ಯೂನಿಯನ್ ರಿಜಿಸ್ಟರ್ ಆಗಿರ್ಬೇಕು. 1936ರ ವೇತನ ಪಾವತಿ ಕಾಯ್ದೆಯಲ್ಲೂ ಹೀಗೇ ಇತ್ತು, 2025ರ ನವೆಂಬರ್ 21ಕ್ಕೆ ಜಾರಿಗೆ ಬಂದ ಹೊಸ ವೇತನ ಸಂಹಿತೆಯಲ್ಲೂ ಹೀಗೇ ಉಂಟು. ಕಂಪೆನಿ ಮತ್ತು ಯೂನಿಯನ್ ಲೀಡರ್ ಇಬ್ರೇ ಕೂತು ಮಾತಾಡಿಕೊಂಡ್ರೆ ಸಾಕಾಗುದಿಲ್ಲ, ನಿಮ್ಮ ಸೈನ್ ಬೇಕು. ಇನ್ನೊಂದು, ಕಾನೂನಲ್ಲಿ ಹೇಳಿದ್ದು ಮೆಂಬರ್‌ಶಿಪ್‌ಗಾಗಿ ಕೊಡುವ ಫೀಸು, ವಂತಿಗೆ ಅಂತ ಮಾತ್ರ. ಸಂಬಳದ ಅಗ್ರಿಮೆಂಟ್ ಆಗಿ ಅರಿಯರ್ಸ್ (ಹಿಂದಿನ ಬಾಕಿ) ಬಂದಾಗ "ಯೂನಿಯನ್‌ಗೆ ಇಷ್ಟು ಪರ್ಸೆಂಟ್" ಅಂತ ಒಟ್ಟಿಗೇ ಹಿಡಿಯುವ ಕ್ರಮ ಉಂಟಲ್ಲ ಕೆಲವು ಕಡೆ, ಅದು ಈ ಮಾತಿನೊಳಗೆ ಬರ್ತದೆ ಅಂತ ನಂಗಂತೂ ಅನ್ನಿಸುದಿಲ್ಲ, ದೇಣಿಗೆ ಅಂದ್ಮೇಲೆ ದೇಣಿಗೆ ಹಾಗೆ ಕೈಯಲ್ಲಿ ಕೇಳ್ಬೇಕು.

ಭಾವ ಹೇಳಿದ್ದೂ ಪೂರಾ ಸುಳ್ಳಲ್ಲ. ಅಲ್ಲಿ ಖಾಸಗಿ ಕಂಪೆನಿಯಲ್ಲಿ ಯೂನಿಯನ್ ಜೊತೆ ಹಾಗೆ ಒಪ್ಪಂದ ಇದ್ರೆ ಮೆಂಬರ್ ಅಲ್ಲದವ್ರೂ ಫೀಸ್ ಕೊಡ್ಬೇಕಾಗ್ತದೆ, ಆದ್ರೆ ಅರ್ಧಕ್ಕರ್ಧ ರಾಜ್ಯಗಳಲ್ಲಿ ಅದಕ್ಕೆ ನಿಷೇಧ ಉಂಟು, ಸರ್ಕಾರಿ ನೌಕರರಿಗೆ 2018ರಲ್ಲಿ ಅವ್ರ ಸುಪ್ರೀಂ ಕೋರ್ಟೇ ಕಡ್ಡಾಯ ಬೇಡ ಅಂದಿದೆ. ಆ ಲೆಕ್ಕ ಬೈಕಂಪಾಡಿಗೆ ತರ್ಲಿಕ್ಕೆ ಆಗುದಿಲ್ಲ. ಸಂವಿಧಾನದ 19(1)(ಸಿ) ಪ್ರಕಾರ ಯೂನಿಯನ್ ಕಟ್ಟುವ ಹಕ್ಕು ನಿಮ್ಗುಂಟು, ಸೇರು ಅಂತ ಒತ್ತಾಯ ಮಾಡಿದ್ರೆ ಅದು ಅನುಚಿತ ಕಾರ್ಮಿಕ ಪದ್ಧತಿ ಅಂತ ಕಾನೂನಿನ ಪಟ್ಟಿಯಲ್ಲೇ ಉಂಟು, ಸೇರ್ಬೇಡ ಅಂತ ಕಂಪೆನಿ ಹೆದರಿಸಿದ್ರೂ ಅಷ್ಟೇ ತಪ್ಪು.

ಈಗ ನೂರು ರೂಪಾಯಿ ನಿಲ್ಲಿಸುವ ಮೊದ್ಲು ಒಂದು ಮಾತು. ಲೇಬರ್ ಆಫೀಸರ್ ಎದುರು ರಾಜಿ ಮಾತುಕತೆಯಲ್ಲಿ ಆದ ಅಗ್ರಿಮೆಂಟ್ ಎಲ್ರಿಗೂ ಅನ್ವಯ, ಮೆಂಬರ್ ಅಲ್ಲದವ್ರಿಗೆ, ನಿಮ್ಮ ಹಾಗೆ ಆಮೇಲೆ ಸೇರಿದವ್ರಿಗೂ. ನಿಮ್ಗೆ ಸಿಗುವ ಡಿಎ (ತುಟ್ಟಿಭತ್ಯೆ), ಕ್ಯಾಂಟೀನ್ ರೇಟು, ಶಿಫ್ಟ್ ಅಲವೆನ್ಸು ಹೀಗೆಯೇ ಯಾರೋ ಚಂದಾ ಕೊಟ್ಟು, ಗೇಟಲ್ಲಿ ನಿಂತು ಮಾಡಿಸಿದ್ದು ಇರ್ಬಹುದು. ಹೊಸ ಕೈಗಾರಿಕಾ ಸಂಬಂಧ ಸಂಹಿತೆಯಲ್ಲಿ ಒಂದಕ್ಕಿಂತ ಹೆಚ್ಚು ಯೂನಿಯನ್ ಇರುವಲ್ಲಿ ಮಸ್ಟರ್ ರೋಲ್ ಅಂದ್ರೆ ಕೆಲಸಗಾರರ ಹಾಜರಿ ಪಟ್ಟಿಯ ಶೇ. 51 ಜನ ಯಾವುದರಲ್ಲಿದ್ದಾರೋ ಅದೇ ಮಾತುಕತೆಗೆ ಕೂರುವ ಒಂದೇ ಯೂನಿಯನ್, ಹಾಗಾಗಿ ಇನ್ನು ತಲೆಲೆಕ್ಕಕ್ಕೆ ಬೆಲೆ ಜಾಸ್ತಿ, ಹೊಸಬರ ಹಿಂದೆ ಬೀಳುದೂ ಜಾಸ್ತಿ ಆಗ್ತದೆ. ನಾನಂತೂ ಚಂದಾ ಕೊಡ್ತೇನೆ. ಲಾಭ ತಕ್ಕೊಂಡು ಚಂದಾ ಮಾತ್ರ ಬೇಡ ಅನ್ನೋದು ನಂಗೆ ಸರಿ ಕಾಣುದಿಲ್ಲ, ಆದ್ರೆ ಕೇಳದೆ ಹಿಡಿಯುದು ಅದಕ್ಕಿಂತ ಕೆಟ್ಟದ್ದು.

ನನ್ನ ಚಿಕ್ಕಮ್ಮ ಬೀಡಿ ಕಟ್ಟುವವ್ರು, ಅವ್ರ ಕಡೆ ಯೂನಿಯನ್ನಿನವ್ರು ಕಟ್ಟಿದ ಬೀಡಿ ಕೊಡುವ ಬ್ರಾಂಚ್ ಹತ್ರ ರಸೀದಿ ಪುಸ್ತಕ ಹಿಡ್ಕೊಂಡು ನಿಲ್ತಿದ್ರು. ಅಲ್ಲಿ ಹೆಂಗಸ್ರು ಸುಮ್ನೆ ಕೊಡ್ತಿರ್ಲಿಲ್ಲ, "ನನ್ನ ಪಿಎಫ್ ಎಂತ ಆಯ್ತು, ಎಲೆ ಹಾಳಾಗಿದ್ದು ಬಂದಿದೆ, ಯಾರು ಕೇಳುದು" ಅಂತ ಜೋರು ಮಾಡಿ ಆಮೇಲೆ ಕೊಡುದು. ಪೇಸ್ಲಿಪ್ಪಿಂದ ತನ್ನಷ್ಟಕ್ಕೆ ದುಡ್ಡು ಬರ್ಲಿಕ್ಕೆ ಶುರುವಾದ್ರೆ ಲೀಡರ್‌ಗೆ ನಿಮ್ಮ ಮುಖ ನೋಡುವ ಕೆಲಸವೇ ಇರುದಿಲ್ಲ. ಮತ್ತೆ ದುಡ್ಡಿನ ನಲ್ಲಿ ಕಂಪೆನಿ ಕೈಯಲ್ಲಿ, ಸ್ಟ್ರೈಕ್ ಅಂದ ಕೂಡ್ಲೇ ಮೊದ್ಲು ನಿಲ್ಲಿಸುದು ಅದನ್ನೇ. ಆದ ಕಾರಣ ನನ್ನ ಸಲಹೆ, ಸೇರುದಾದ್ರೆ ಕೈಯಲ್ಲೇ ಕೊಟ್ಟು ರಸೀದಿ ತಕ್ಕೊಳ್ಳಿ, ಲೆಕ್ಕದ ಪುಸ್ತಕ ತೋರಿಸಿ ಅಂತ ಕೇಳಿ. ಅದನ್ನು ನೋಡುವ ಹಕ್ಕು ಮೆಂಬರ್‌ಗೆ 1926ರ ಟ್ರೇಡ್ ಯೂನಿಯನ್ ಕಾಯ್ದೆಯ ಕಾಲದಿಂದಲೇ ಉಂಟು. ಎಲೆಕ್ಷನ್ ಫಂಡ್ ಅಂತ ಬೇರೆ ಕೇಳಿದ್ರೆ ಇಲ್ಲ ಅನ್ಬಹುದು, ರಾಜಕೀಯ ನಿಧಿಗೆ ಯಾವ ಮೆಂಬರನ್ನೂ ಒತ್ತಾಯ ಮಾಡ್ಲಿಕ್ಕಿಲ್ಲ, ಕೊಡ್ಲಿಲ್ಲ ಅಂತ ಸೌಲಭ್ಯ ತಪ್ಪಿಸ್ಲಿಕ್ಕೂ ಇಲ್ಲ.

ನಿಲ್ಲಿಸ್ಲೇಬೇಕು ಅಂತಾದ್ರೆ ಬಾಯಲ್ಲಿ ಹೇಳ್ಬೇಡಿ. "ನಾನು ಯಾವ ಒಪ್ಪಿಗೆಯೂ ಕೊಟ್ಟಿಲ್ಲ, ಕೊಟ್ಟಿದ್ದೇನೆ ಅಂತಾದ್ರೆ ಅದ್ರ ಕಾಪಿ ಕೊಡಿ, ಇಲ್ಲದಿದ್ರೆ ಈ ತಿಂಗಳಿಂದ ಹಿಡಿಯುದು ನಿಲ್ಲಿಸಿ, ಹಿಡಿದದ್ದು ವಾಪಸ್ ಕೊಡಿ" ಅಂತ ಬರೆದು ಎಚ್‌ಆರ್‌ಗೆ ಕೊಡಿ, ಇನ್ನೊಂದು ಕಾಪಿಯಲ್ಲಿ ಸೀಲ್ ಹಾಕಿಸ್ಕೊಳ್ಳಿ. ಜಾಯಿನ್ ಆಗುವಾಗ ಕೊಟ್ಟ ಫಾರ್ಮ್ ರಾಶಿಯಲ್ಲಿ ಒಂದು ಯೂನಿಯನ್ ಫಾರ್ಮ್ ಸೇರಿತ್ತಾ ಅಂತಲೂ ನೆನಪು ಮಾಡಿ, ಓದದೆ ಸೈನ್ ಹಾಕುವವ್ರನ್ನು ನಾನು ದಿನಾ ನೋಡ್ತೇನೆ. ದುಡ್ಡು ವಾಪಸ್ ಕೊಡ್ಲಿಲ್ಲ ಅಂದ್ರೆ ಲೇಬರ್ ಆಫೀಸಲ್ಲಿ ಕ್ಲೇಮ್ ಹಾಕ್ಬಹುದು, ಹೊಸ ವೇತನ ಸಂಹಿತೆಯಲ್ಲಿ ಅದಕ್ಕೆ 3 ವರ್ಷ ಟೈಮ್ ಉಂಟು, ಅಲ್ಲಿವರೆಗೆ ಪೇಸ್ಲಿಪ್ ಒಂದೂ ಬಿಸಾಡ್ಬೇಡಿ.