ಈ ವೇಗದಲ್ಲಿ ‘ನಾನು’ ಅನ್ನೋದು ಉಳಿಯುತ್ತಾ?

ಜಾಗತೀಕರಣ, ಫೋನು, ಎಐ ಎಲ್ಲ ಸೇರಿ ಎಲ್ಲರನ್ನೂ ಒಂದೇ ಅಚ್ಚಿಗೆ ಹಾಕುತ್ತಿವೆ, ಇದರಲ್ಲಿ ‘ನಾನು’ ಉಳಿಯುತ್ತಾ ಅಂತ ಕೇಳಿದ್ದೀರಿ. ನಾನು ದಾವಣಗೆರೆಯಲ್ಲಿ ಅಚ್ಚಿನ ಕೆಲಸ ಮಾಡುವವನು. ನನಗೆ ಗೊತ್ತಿರೋದನ್ನ ಹೇಳ್ತೀನಿ.

ಅಪ್ಪನ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಾ ಬೆಳೆದೆ. ಸೀಸದ ಒಂದೊಂದೇ ಅಕ್ಷರ ಹೆಕ್ಕಿ, ತಲೆಕೆಳಗಾಗಿ ಸ್ಟಿಕ್ಕಿನಲ್ಲಿ, ಅಂದ್ರೆ ಸಾಲು ಜೋಡಿಸೋ ಕೈಪಟ್ಟಿಯಲ್ಲಿ, ಕೂರಿಸಬೇಕು. ಯಾವ ಒತ್ತಕ್ಷರ ಪೆಟ್ಟಿಗೆಯ ಯಾವ ಮನೆಯಲ್ಲಿದೆ ಅಂತ ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತಿರುತ್ತಿತ್ತು. 1997ರಲ್ಲಿ ದಾವಣಗೆರೆ ಬೇರೆ ಜಿಲ್ಲೆಯಾದಾಗ ಅಂಗಡಿಯವರೆಲ್ಲ ಬಿಲ್ ಬುಕ್ ಹಿಡಿದು ಬಂದರು. ‘ಚಿತ್ರದುರ್ಗ ಜಿಲ್ಲೆ’ ಅನ್ನೋ ಸಾಲನ್ನು ಎಷ್ಟು ಸಲ ಬಿಚ್ಚಿದೆನೋ! ‘ಕರ್ನಾಟಕದ ಮ್ಯಾಂಚೆಸ್ಟರ್’ ಅನ್ನಿಸಿಕೊಂಡ ಊರು ಇದು. ಹತ್ತಿ ಮಿಲ್ಲುಗಳು ಮುಚ್ಚಿದ ಮೇಲೆ, ‘ನಾನು ಮಿಲ್ಲಿನವನು’ ಅಂತಿದ್ದವರು ತಮ್ಮನ್ನು ಏನಂತ ಹೇಳಿಕೊಳ್ಳಬೇಕು?

ನನ್ನ ಸರದಿಯೂ ಬಂತು. ಕಂಪ್ಯೂಟರ್ ಬಂತು, ಕನ್ನಡ ಟೈಪ್ ಮಾಡೋ ‘ನುಡಿ’ ತಂತ್ರಾಂಶ ಬಂತು. ಕೆ.ಪಿ. ರಾವ್ ಅವರು ರೂಪಿಸಿದ ಕನ್ನಡ ಕೀಲಿಮಣೆಯನ್ನು ಬೆರಳಿಗೆ ಹೊಸದಾಗಿ ಕಲಿಸಿದೆ. ಮೊಳೆಗಳನ್ನು ತೂಕಕ್ಕೆ ಹಾಕಿದೆವು. ಅದು ಇವತ್ತಿಗೂ ಬೇಜಾರೇ. ಹಾಗಾಗಿ ಏನೂ ಕಳೆದುಹೋಗಲ್ಲ ಅಂತ ಸುಮ್ನೆ ಸಮಾಧಾನ ಹೇಳಲಾರೆ.

ಆದರೆ ಮೊನ್ನೆ ಒಬ್ಬ ಹುಡುಗ ಬಂದ. ತಂಗಿಯ ಲಗ್ನಪತ್ರಿಕೆಯನ್ನು ಎಐ ಕೈಲಿ ಬರೆಸಿ ಫೋನಿನಲ್ಲಿ ತಂದಿದ್ದ. ‘ಇದನ್ನೇ ಪ್ರಿಂಟ್ ಹಾಕಿಕೊಡಿ ಅಣ್ಣ, ಸಾಕು’ ಅಂದ. ಚೆನ್ನಾಗಿಯೇ ಇತ್ತು. ಮೆಹೆಂದಿ, ಸಂಗೀತ್ ಎಲ್ಲ ಇತ್ತು.

‘ನಿಮ್ಮನೇಲಿ ಸಂಗೀತ್ ಇಟ್ಟುಕೊಂಡಿದ್ದೀರಾ?’

‘ಇಲ್ಲಣ್ಣ, ಅದೇ ಹಾಕಿಬಿಟ್ಟಿದೆ.’

ಮನೆಯಲ್ಲಿ ನಡೆಯುವುದು ಅರಿಶಿಣದ ಶಾಸ್ತ್ರ. ಪತ್ರಿಕೆಯಲ್ಲಿ ಅದೇ ಇರಲಿಲ್ಲ. ತಂದೆ ಹೆಸರಿನ ಹಿಂದೆ ‘ದಿವಂಗತ’ ಅಂತಿತ್ತು.

‘ಮತ್ತೆ ನಿಮ್ಮನ್ನ ಸಾಕಿದ್ದು ಯಾರಪ್ಪಾ?’

‘ಸೋದರಮಾವ.’

ಆ ಮಾವನ ಹೆಸರು ಕೊನೇ ಸಾಲಿನಲ್ಲಿ, ಹತ್ತಾರು ಹೆಸರುಗಳ ನಡುವೆ ಸಣ್ಣಕ್ಷರದಲ್ಲಿತ್ತು. ಹುಡುಗ ಸ್ವಲ್ಪ ಹೊತ್ತು ಅದನ್ನೇ ನೋಡಿದ. ‘ಇವರನ್ನ ಮೇಲೆ ಹಾಕಣ್ಣ, ಅಮ್ಮನ ಹೆಸರಿನ ಜೊತೆಗೇ’ ಅಂದ.

ಅದನ್ನು ನಾನು ಹೇಳಿಕೊಟ್ಟಿದ್ದಲ್ಲ. ಅವನಿಗೆ ಗೊತ್ತೇ ಇತ್ತು, ಯಾರೂ ಕೇಳಿರಲಿಲ್ಲ ಅಷ್ಟೆ. ನೀವು ಹುಡುಕುತ್ತಿರುವ ‘ನಾನು’ ನನಗೆ ಕಂಡಿದ್ದು ಅಲ್ಲಿ. ಫೋನಿನಲ್ಲಿ ಬರೆಸಬೇಡಿ ಅಂತ ನಾನು ಹೇಳಲ್ಲ, ನನ್ನ ಕೆಲಸವೂ ಈಗ ಅದರಲ್ಲೇ ನಡೆಯುತ್ತೆ. ಕಳಿಸೋ ಮೊದಲು ಒಮ್ಮೆ ನಿಧಾನಕ್ಕೆ ಓದಿ, ಇದು ನಮ್ಮನೇದಾ ಅಂತ ಕೇಳಿಕೊಳ್ಳಿ.

ಹುಡುಗ ಪ್ರೂಫ್ ತಗೊಂಡು ಹೋದ, ಮಾವನಿಗೆ ತೋರಿಸಿಕೊಂಡು ಬರ್ತೀನಿ ಅಂತ.